ನಮ್ಮ ಕೇರಿಯ ಫೌಜಿಗಳ ಲೆಕ್ಕ ಯಾರ ಹತ್ರ ಐತಿ?

ಪೋಸ್ಟ್ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ, ಆದರೆ ಪೂರ್ತಿ ಓದಿ.

ನಿನ್ನೆ ಡಿಸೆಂಬರ್ 6. ಬಾಬಾಸಾಹೇಬರ ಮಹಾಪರಿನಿರ್ವಾಣ ದಿನ. ನಮ್ಮ ಕೇರಿಯಲ್ಲಿ ಎಂದಿನಂತೆ ಮೇಣದಬತ್ತಿ ಹಿಡಿದು ಮೆರವಣಿಗೆ ಮಾಡಿದೆವು. ಎಲ್ಲರಿಗಿಂತ ಮುಂದೆ ನಮ್ಮ ಕಾಕಾ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆ ಮೇಲೆ ಮೆಡಲ್‌ಗಳು, ಸೊಂಟ ನೆಟ್ಟಗೆ. ಇಂದು ಡಿಸೆಂಬರ್ 7. ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಪ್ರತಿವರ್ಷ ಈ ದಿನ ಮಾಜಿ ಸೈನಿಕರ, ಹುತಾತ್ಮರ ಕುಟುಂಬಗಳ ಕಲ್ಯಾಣಕ್ಕೆ ಅಂತ ಸಣ್ಣ ಧ್ವಜ ಕೊಟ್ಟು ದೇಣಿಗೆ ಎತ್ತುತ್ತಾರೆ. ಇವತ್ತು ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಸೈನಿಕ. ನಮ್ಮ ಕಾಕಾ ಮಾತ್ರ ಬೆಳಗ್ಗೆ ಏಳಕ್ಕೆ ಟಿಫಿನ್ ಡಬ್ಬಿ ತಗೊಂಡು ಪೇಟೆಗೆ ಹೋದ. ಅಲ್ಲಿ ಒಂದು ಎಟಿಎಂ ಮುಂದೆ ಕುರ್ಚಿ ಹಾಕ್ಕೊಂಡು ಕೂರೋದು ಅವನ ಈಗಿನ ಡ್ಯೂಟಿ. ವಯಸ್ಸು 61.

ಕಾಕಾ 1983ರಲ್ಲಿ ಬೆಳಗಾವಿಯ ಭರ್ತಿಯಲ್ಲಿ ಓಡಿ ಮಹಾರ್ ರೆಜಿಮೆಂಟ್ ಸೇರಿದವನು. ಮಧ್ಯಪ್ರದೇಶದ ಸಾಗರದಲ್ಲಿ ಟ್ರೇನಿಂಗ್, ಆಮೇಲೆ ಪಂಜಾಬ್, ಶ್ರೀಲಂಕಾ, ಕಾಶ್ಮೀರ. 17 ವರ್ಷ ಮುಗಿಸಿ 2000ದಲ್ಲಿ ಪೆಟ್ಟಿಗೆ ಹೊತ್ತು ಊರಿಗೆ ಬಂದ. ಆಗ ಅವನಿಗೆ 36. ನಾನು ಪಿಯುಸಿ. ನನ್ನ ಡಿಗ್ರಿ ಫೀಸು ಕಟ್ಟಿದ್ದು ಕಾಕಾನ ಪಿನ್ಶನ್. ನಮ್ಮ ಕೇರಿಯಲ್ಲಿ ಮೊದಲ ಇಟ್ಟಂಗಿ ಮನೆ ಎದ್ದಿದ್ದೂ ಅದೇ ರೊಕ್ಕದಲ್ಲಿ.

ಇದನ್ನು ಮೊದಲೇ ಹೇಳ್ತಿದ್ದೇನೆ. ಯಾಕಂದ್ರೆ ವೇದಿಕೆ ಮೇಲೆ ನಿಂತು ಯುದ್ಧೋನ್ಮಾದದ ವಿರುದ್ಧ ಗಂಟಲು ಹರಿಯೋ ಹಾಗೆ ಮಾತಾಡಿದವನು ನಾನು. ಇವತ್ತಿಗೂ ಅದೇ ಮಾತು ಆಡ್ತೇನೆ. ಆದರೆ ಆ ಮಾತು ಆಡೋ ವಿದ್ಯೆ ನನಗೆ ಸಿಕ್ಕಿದ್ದು ಒಬ್ಬ ಸಿಪಾಯಿಯ ಪಿಂಚಣಿಯಿಂದ. ಈ ಎರಡೂ ಸತ್ಯ. ಒಂದನ್ನು ಮುಚ್ಚಿಟ್ಟು ಇನ್ನೊಂದು ಹೇಳಿದರೆ ಮೋಸ.

ಪ್ರತಿ ಜನವರಿ 1ಕ್ಕೆ ನಾವೆಲ್ಲ ಡಿಪಿ ಬದಲಿಸ್ತೇವೆ. 1818ರ ಭೀಮಾ ಕೋರೆಗಾಂವ್, ವಿಜಯಸ್ತಂಭ, ಅದರ ಮೇಲಿನ ಮಹಾರ್ ಯೋಧರ ಹೆಸರುಗಳು. ಬದಲಿಸಲೇಬೇಕು, ಅದು ನಮ್ಮ ಚರಿತ್ರೆ. ಆದರೆ ಬಂಧುಗಳೆ, ಇನ್ನೂರು ವರ್ಷದ ಹಿಂದಿನ ಸಿಪಾಯಿಯ ಹೆಸರು ಕಲ್ಲಿನ ಮೇಲೆ ಓದುವ ನಾವು ನಮ್ಮದೇ ಕೇರಿಯಲ್ಲಿ ಬದುಕಿರುವ ಸಿಪಾಯಿಯ ಮನೆ ಹೇಗೆ ನಡೀತಿದೆ ಅಂತ ಯಾವತ್ತಾದರೂ ಕೇಳಿದ್ದೇವಾ? ನಮ್ಮ ಯಾವ ಸಂಘಟನೆಯ ಹಕ್ಕೊತ್ತಾಯ ಪತ್ರದಲ್ಲಿ ದಲಿತ ಮಾಜಿ ಸೈನಿಕರ ಬಗ್ಗೆ ಒಂದು ಸಾಲು ಇದೆ? ನಾನೇ ಬರೆದ ಪತ್ರಗಳನ್ನು ತೆಗೆದು ನೋಡಿದೆ. ಇಲ್ಲ.

ಹಾಗಂತ ಸೈನ್ಯ ಮತ್ತು ನಮ್ಮ ಸಂಬಂಧ ಸಣ್ಣದಲ್ಲ. ಬಾಬಾಸಾಹೇಬರು ಹುಟ್ಟಿದ್ದೇ ಮ್ಹೌ ದಂಡು ಪ್ರದೇಶದಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸುಬೇದಾರ್ ಹುದ್ದೆಗೆ ಏರಿದವರು, ಸೇನೆಯ ಶಾಲೆಯಲ್ಲಿ ಪಾಠ ಹೇಳಿದವರು. ಊರಿನ ಶಾಲೆಗಳು ನಮ್ಮನ್ನು ಹೊರಗಿಟ್ಟ ಕಾಲದಲ್ಲಿ ಅಕ್ಷರ ಸಿಕ್ಕಿದ್ದು ದಂಡಿನ ಶಾಲೆಯಲ್ಲಿ. ಅದಕ್ಕೇ 1890ರ ದಶಕದಲ್ಲಿ ಬ್ರಿಟಿಷರು 'ವೀರ ಜನಾಂಗ' ಅನ್ನೋ ಸುಳ್ಳು ಸಿದ್ಧಾಂತ ಮುಂದೆ ಮಾಡಿ ಮಹಾರರ ಭರ್ತಿ ನಿಲ್ಲಿಸಿದಾಗ ಅದು ಬರೀ ನೌಕರಿ ಹೋದ ಸಂಗತಿ ಆಗಿರಲಿಲ್ಲ. ನಿವೃತ್ತ ಸೈನಿಕ ಗೋಪಾಲ್ ಬಾಬಾ ವಲಂಗ್ಕರ್ ಅದರ ವಿರುದ್ಧ ಮನವಿ ಬರೆದರು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ ದಳ ಕಟ್ಟಿದರು. ಕೆಲಸ ಮುಗೀತು, 1921ರಲ್ಲಿ ಬರಖಾಸ್ತು. ಚಮಾರ್ ರೆಜಿಮೆಂಟ್ ಕಥೆಯೂ ಇದೇ. 1943ರಲ್ಲಿ ಕಟ್ಟಿದರು, 1946ರಲ್ಲಿ ಮುಚ್ಚಿದರು. ಬೇಕಾದಾಗ ಕರೆಯೋದು, ಮುಗಿದ ಮೇಲೆ ಮನೆಗೆ ಕಳಿಸೋದು. ಈ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

1941ರಲ್ಲಿ ಬಾಬಾಸಾಹೇಬರು ವೈಸರಾಯ್ ಅವರ ರಕ್ಷಣಾ ಸಲಹಾ ಸಮಿತಿಯಲ್ಲಿದ್ದು ಒತ್ತಾಯ ಹಾಕಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿತು. ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ನಮ್ಮ ಜಿಲ್ಲೆಯ ಎಷ್ಟು ಹುಡುಗರಿಗೆ ಇದು ಗೊತ್ತು?

ಈಗ ಇವತ್ತಿನ ಮಾತಿಗೆ ಬರೋಣ. ಕರ್ನಾಟಕದ ಮಾಜಿ ಸೈನಿಕರು ಅಂದ ಕೂಡಲೇ ಕಣ್ಣಿಗೆ ಬರೋದು ಕೊಡಗು. ಕಾರ್ಯಪ್ಪ, ತಿಮ್ಮಯ್ಯ. ಅವರ ಬಗ್ಗೆ ಹೆಮ್ಮೆ ಪಡೋದು ತಪ್ಪಲ್ಲ. ಆದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಓಣಿಗೊಬ್ಬ ಫೌಜಿ ಇದ್ದಾನೆ. ಮಳೆ ನಂಬಿದ ಹೊಲ, ಕಬ್ಬಿನ ಗ್ಯಾಂಗು, ಗೋವಾಕ್ಕೆ ಗುಳೆ. ಇದರಿಂದ ತಪ್ಪಿಸಿಕೊಳ್ಳೋಕೆ ಹತ್ತನೇ ಕ್ಲಾಸ್ ಹುಡುಗನಿಗೆ ಇರೋ ದಾರಿ ಓಟ. 1,600 ಮೀಟರ್ ಓಡಿ ಪಾಸಾದರೆ ಒಂದು ಮನೆ ಉಳೀತದೆ.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಅಂತ ಒಂದಿದೆ. ನಿವೃತ್ತರು, ವಿಧವೆಯರು ಹೆಸರು ನೋಂದಾಯಿಸ್ತಾರೆ. ಯಾರು ಯಾವ ಪಡೆ, ಯಾವ ರ‍್ಯಾಂಕ್, ಯಾವ ಜಿಲ್ಲೆ ಅನ್ನೋದೆಲ್ಲ ದಾಖಲಾಗ್ತದೆ. ಆದರೆ ಅವರಲ್ಲಿ ಪರಿಶಿಷ್ಟ ಜಾತಿಯವರು ಎಷ್ಟು, ಪಂಗಡದವರು ಎಷ್ಟು, ಅವರಲ್ಲಿ ಎಷ್ಟು ಜನರಿಗೆ ಗುಂಟೆ ಭೂಮಿ ಇದೆ, ನಿವೃತ್ತಿ ಆದ ಮೇಲೆ ಏನು ಕೆಲಸ ಮಾಡ್ತಿದ್ದಾರೆ ಅನ್ನೋ ಲೆಕ್ಕ ಜನರ ಮುಂದೆ ಬಂದದ್ದನ್ನು ನಾನಂತೂ ಕಂಡಿಲ್ಲ. ಕೇಳಿದರೆ ಸಿಗೋ ಉತ್ತರ: ಸೈನ್ಯದಲ್ಲಿ ಜಾತಿ ಇಲ್ಲ.

ಹೌದಾ? 2013ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಸೇನೆಯೇ ಒಪ್ಪಿಕೊಂಡಿದೆ, ರಾಷ್ಟ್ರಪತಿಗಳ ಅಂಗರಕ್ಷಕ ದಳಕ್ಕೆ ಹಿಂದೂ ರಜಪೂತರು, ಹಿಂದೂ ಜಾಟರು, ಜಾಟ್ ಸಿಖ್ಖರನ್ನಷ್ಟೇ ತಗೋತೇವೆ ಅಂತ. ಎತ್ತರ, ಮೈಕಟ್ಟು ಒಂದೇ ಥರ ಇರಬೇಕಂತೆ! 2022ರಲ್ಲಿ ಅಗ್ನಿವೀರ್ ಭರ್ತಿಗೆ ಜಾತಿ ಪ್ರಮಾಣಪತ್ರ ಯಾಕೆ ಕೇಳ್ತೀರಿ ಅಂತ ಗಲಾಟೆ ಆದಾಗ, ಇದು ಹಿಂದಿನಿಂದಲೂ ಇರುವ ಪದ್ಧತಿ ಅಂದರು. ಅಂದ್ರೆ ಸೇರುವಾಗ ಜಾತಿ ಕಾಗದ ಬೇಕು. ಲೆಕ್ಕ ಕೇಳಿದರೆ ಮಾತ್ರ ಜಾತಿ ಇಲ್ಲ. ಸಾಚಾರ್ ಸಮಿತಿ 2006ರಲ್ಲಿ ಮುಸ್ಲಿಮರ ಸಂಖ್ಯೆ ಕೇಳಿದಾಗಲೂ ಸೇನೆ ಕೊಡಲಿಲ್ಲ. ಇನ್ನು ಟ್ರೇಡ್ಸ್‌ಮನ್ ಭರ್ತಿಯಲ್ಲಿ ಹೌಸ್ ಕೀಪರ್, ಮೆಸ್ ಕೀಪರ್ ಅಂತ ಹುದ್ದೆಗಳಿವೆ, ಎಂಟನೇ ಕ್ಲಾಸ್ ಸಾಕು. ಅಲ್ಲಿ ಪೊರಕೆ ಹಿಡಿದವರು ಯಾವ ಕೇರಿಯವರು ಅಂತ ಕೇಳೋ ಹಕ್ಕು ನಮಗಿಲ್ಲವಾ?

ಲೆಕ್ಕ ಯಾಕೆ ಬೇಕು ಅಂತ ಕೆಲವರು ಕೇಳ್ತಾರೆ. "ಸಿಪಾಯಿಗೆ ಸಿಪಾಯಿ ಪಿನ್ಶನ್, ಹವಾಲ್ದಾರಗ ಹವಾಲ್ದಾರ್ ಪಿನ್ಶನ್. ಇದರಾಗ ಜಾತಿ ಎಲ್ಲಿಂದ ಬಂತು?"

ಬರ್ತದೆ. ಹೇಗೆ ಅಂತ ಹೇಳ್ತೇನೆ.

ಕಾಕಾನ ಜೊತೆ ಅದೇ ವರ್ಷ ನಮ್ಮೂರಿಂದ ಇನ್ನೊಬ್ಬರು ಭರ್ತಿಯಾದರು. ಊರ ಗೌಡಕಿ ಮನೆತನದವರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಇಬ್ಬರದೂ ಒಂದೇ ರ‍್ಯಾಂಕ್, ಹೆಚ್ಚುಕಡಿಮೆ ಒಂದೇ ಪಿಂಚಣಿ. ಅವರು ಬಂದಾಗ ಎಂಟು ಎಕರೆ ನೀರಾವರಿ ಕಾಯ್ತಿತ್ತು. ಪಿಂಚಣಿ ರೊಕ್ಕದಲ್ಲಿ ಬೋರ್ ಹಾಕಿಸಿದರು, ಟ್ರ್ಯಾಕ್ಟರ್ ತಂದರು, ಸೊಸೈಟಿ ಚುನಾವಣೆಗೆ ನಿಂತು ಗೆದ್ದರು. ಕಾಕಾ ಬಂದಾಗ ಕಾಯ್ತಿದ್ದದ್ದು ನಮ್ಮ ಅಜ್ಜನ ಸಾಲ. ಪಿಂಚಣಿಯಲ್ಲಿ ಸಾಲ ತೀರಿತು, ಇಬ್ಬರು ತಂಗಿಯರ ಮದುವೆ ಆಯ್ತು, ನನ್ನ ಓದು ಆಯ್ತು, ಮಗಳ ಬಿ.ಎಡ್. ಆಯ್ತು. ಬಂಡವಾಳ ಅಂತ ಒಂದು ರೂಪಾಯಿ ಕೂಡಲಿಲ್ಲ.

ಅವರ ಮನೆಗೆ ಪಿಂಚಣಿ ಅಂದ್ರೆ ಹೊಲದ ಮೇಲಿನ ಮಳೆ. ನಮ್ಮ ಮನೆಗೆ ಪಿಂಚಣಿಯೇ ಹೊಲ. ಇಬ್ಬರನ್ನೂ ಒಂದೇ ಕಾಲಮ್ಮಿನಲ್ಲಿ ಹಾಕಿ 'ಮಾಜಿ ಸೈನಿಕರ ಸರಾಸರಿ ಸ್ಥಿತಿ ಚೆನ್ನಾಗಿದೆ' ಅಂದರೆ ಆ ಸರಾಸರಿಯಲ್ಲಿ ನಮ್ಮ ಕಾಕಾ ಎಲ್ಲೂ ಕಾಣೋದಿಲ್ಲ.

ಭೂಮಿ ಮಾತು ಬಂತಲ್ಲ. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಹಂಚಿಕೆಗೆ ಲಭ್ಯವಿರುವ ಸರ್ಕಾರಿ ಜಮೀನಿನಲ್ಲಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಶೇ. 50, ಮಾಜಿ ಸೈನಿಕರು ಮತ್ತು ಸೈನಿಕರಿಗೆ ಶೇ. 10 ಅಂತ ಇದೆ. ಕಾಕಾ ಎರಡೂ ಕಡೆ ಅರ್ಹ. 2001ರಲ್ಲಿ ಅರ್ಜಿ ಕೊಟ್ಟ. ಇಪ್ಪತ್ತನಾಲ್ಕು ವರ್ಷ ಆಯ್ತು. ಕಚೇರಿ ಹೆಸರು ಹೇಳೋದಿಲ್ಲ, ಎಲ್ಲ ಕಡೆ ಇದೇ ಹಾಡು. ಒಬ್ಬ ಸಾಹೇಬರು "ಸೈನಿಕರ ಕೋಟಾದಾಗ ಜಮೀನ ಇಲ್ಲ, ಎಸ್ಸಿ ಕೋಟಾದಾಗ ಹಾಕ್ರಿ" ಅಂದರು. ಅಲ್ಲಿ ಹಾಕಿದರೆ ಇನ್ನೊಬ್ಬರು "ನೀವು ಪಿನ್ಶನದಾರರು, ಆದಾಯ ಐತಿ, ಬರಂಗಿಲ್ಲ" ಅಂದರು. ಒಂದು ಕೋಟಾದಲ್ಲಿ ಸೈನಿಕ ಅಂತ ಸಿಗಲಿಲ್ಲ, ಇನ್ನೊಂದರಲ್ಲಿ ಸೈನಿಕ ಅನ್ನೋದಕ್ಕೇ ಸಿಗಲಿಲ್ಲ.

ನೌಕರಿ ಮೀಸಲಾತಿಯೂ ನೋಡಿ. ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಸಮತಲ ಮೀಸಲಾತಿ ಇದೆ. ಸಮತಲ ಅಂದ್ರೆ ಪ್ರತಿ ವರ್ಗದ ಒಳಗೆ ಶೇ. 10. 100 ಹುದ್ದೆ ಕರೆದರೆ, ಶೇ. 17ರ ಲೆಕ್ಕದಲ್ಲಿ ಪರಿಶಿಷ್ಟ ಜಾತಿಗೆ 17. ಅದರೊಳಗೆ ಮಾಜಿ ಸೈನಿಕರಿಗೆ 1.7. 2025ರ ಆಗಸ್ಟ್‌ನಲ್ಲಿ ಸರ್ಕಾರ ಒಪ್ಪಿದ 6-6-5 ಒಳಮೀಸಲಾತಿಯ ಲೆಕ್ಕ ಹಿಡಿದರೆ 0.6, 0.6, 0.5. ನಾನು ಒಳಮೀಸಲಾತಿ ಪರ ಬೀದಿಗಿಳಿದವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮುರುಕು ಸಂಖ್ಯೆಗಳು ರೋಸ್ಟರ್‌ನಲ್ಲಿ ಬಿದ್ದು ಹೋಗದಂತೆ ನಾವೇ ಕಾಯಬೇಕು. ಅರ್ಹ ಮಾಜಿ ಸೈನಿಕ ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಬೇರೆ ಅಭ್ಯರ್ಥಿಗೆ ಹೋಗ್ತದೆ. ಅವನೂ ನಮ್ಮವನೇ, ಸರಿ. ಆದರೆ 'ಸಿಗಲಿಲ್ಲ' ಅನ್ನೋದು ನಿಜವಾ ಅಂತ ಯಾರು ನೋಡ್ತಾರೆ? ಹದಿನೇಳು ವರ್ಷ ಗಡಿಯಲ್ಲಿದ್ದವನಿಗೆ ಅಧಿಸೂಚನೆ ಹೊರಟದ್ದೇ ಗೊತ್ತಾಗೋದಿಲ್ಲ.

ಓದ್ತಿರೋ ಹುಡುಗರಿಗೆ ಒಂದು ಉಪಯೋಗದ ಮಾತು. 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಹೇಳಿದೆ: ಸಮತಲ ಮೀಸಲಾತಿಯಲ್ಲೂ ಸಾಮಾನ್ಯ ವರ್ಗ ಅನ್ನೋದು ಮೇಲ್ಜಾತಿಯವರ ಕೋಟಾ ಅಲ್ಲ, ಅದು ಎಲ್ಲರಿಗೂ ತೆರೆದದ್ದು. ಅಂದ್ರೆ ಅಂಕ ಇದ್ದರೆ ದಲಿತ ಮಾಜಿ ಸೈನಿಕ ಸಾಮಾನ್ಯ ವರ್ಗದ ಮಾಜಿ ಸೈನಿಕ ಹುದ್ದೆಗೂ ಹಕ್ಕುದಾರ. ಯಾರಾದರೂ "ನೀನು ಎಸ್ಸಿ ಒಳಗೇ ನಿಲ್ಲು" ಅಂದರೆ ಈ ತೀರ್ಪು ತೋರಿಸಿ.

ರೊಕ್ಕದ ಮಾತು ಇಷ್ಟು. ಇನ್ನು ಮರ್ಯಾದೆ.

ಆಗಸ್ಟ್ 15, ಜನವರಿ 26ಕ್ಕೆ ಶಾಲೆಯವರು ಕಾಕಾನನ್ನು ಕರೀತಾರೆ. ಶಾಲು, ತೆಂಗಿನಕಾಯಿ, ಹಾರ. "ನಮ್ಮೂರ ಹೆಮ್ಮೆಯ ಯೋಧ" ಅಂತ ಮೈಕಿನಲ್ಲಿ ಹೇಳ್ತಾರೆ. ಆದರೆ ಫೌಜಿನ ರೂಢಿಯಂತೆ ಹದಿನೈದು ದಿನಕ್ಕೊಮ್ಮೆ ಕಟಿಂಗ್ ಮಾಡಿಸೋ ಕಾಕಾ ಎಷ್ಟೋ ವರ್ಷ ಅದಕ್ಕೆ 14 ಕಿಲೋಮೀಟರ್ ಬಸ್ ಹತ್ತಿ ಪೇಟೆಗೆ ಹೋಗ್ತಿದ್ದ. ಊರ ಅಂಗಡಿಯಲ್ಲಿ ನಮಗೆ ಕಟಿಂಗ್ ಇರಲಿಲ್ಲ. ಶಾಲು ಹೊದಿಸಿದ ಕೈಗಳೇ ಕತ್ತರಿ ತಡೆದಿದ್ದವು. ಪೇಟೆಯಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ಮಾಲೀಕರು ಬಹಳ ಖುಷಿಪಟ್ಟರು. "ಮಿಲ್ಟ್ರಿಯವ್ರಾ? ಬರ್ರಿ ಬರ್ರಿ, ಶಿಸ್ತಿನ ಮಂದಿ." ಚಹಾ ಬಂತು. ಕುಡಿಯುವಾಗ ಕೇಳಿದರು, "ಅಂದಂಗ ನೀವು ಯಾವ ಪೈಕಿ?" ಕಾಕಾ ಸುಳ್ಳು ಹೇಳೋನಲ್ಲ. ಹೇಳಿದ. "ಮನ್ಯಾಗ ಕೇಳಿ ಫೋನ್ ಮಾಡ್ತೀವಿ" ಅಂದರು. ಆ ಫೋನ್ ಇವತ್ತಿಗೂ ಬಂದಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದದ್ದು ನೆನಪಾಗ್ತದೆ. 1901ರಲ್ಲಿ ಆ ಮಕ್ಕಳು ಹೊಸ ಬಟ್ಟೆ ತೊಟ್ಟು ತಂದೆಯನ್ನು ನೋಡೋಕೆ ರೈಲಿನಲ್ಲಿ ಹೊರಟಿದ್ದರು. ನೋಡೋಕೆ ದೊಡ್ಡ ಮನೆತನದವರ ಹಾಗೆ. ಜಾತಿ ಗೊತ್ತಾದ ಕೂಡಲೇ ಎತ್ತಿನ ಗಾಡಿಯೂ ಸಿಗಲಿಲ್ಲ, ಎರಡರಷ್ಟು ಬಾಡಿಗೆ ಕೊಟ್ಟು ಗಾಡಿ ತಾವೇ ಹೊಡೆಯಬೇಕಾಯ್ತು. ರಾತ್ರಿಯಿಡೀ ಕುಡಿಯೋಕೆ ನೀರಿಲ್ಲ. ನಿವೃತ್ತ ಸುಬೇದಾರರ ಮಕ್ಕಳಿಗೆ! ಕೈಯಲ್ಲಿ ರೊಕ್ಕ ಇತ್ತು, ನೀರು ಇರಲಿಲ್ಲ. ಮಾಜಿ ಸೈನಿಕರ ಯೋಗಕ್ಷೇಮ ಅಳೆಯೋರು ಬರೀ ಪಿಂಚಣಿ ಮೊತ್ತ ನೋಡಿದರೆ ಸಾಲದು ಅಂತ ನಾನು ಹೇಳೋದು ಇದಕ್ಕೇ.

ವಿಧವೆಯರ ಪಾಡು ಇನ್ನೂ ಕಷ್ಟ. ನಮ್ಮ ಓಣಿಯಲ್ಲೊಬ್ಬ ಆಯಿ ಇದ್ದಾಳೆ. ಗಂಡನ ಸೇನಾ ದಾಖಲೆಯಲ್ಲಿ ಅವಳ ಹೆಸರು ಒಂದು ಥರ, ಆಧಾರದಲ್ಲಿ ಇನ್ನೊಂದು ಥರ. ಹುಟ್ಟಿದ ವರ್ಷ ಎರಡರಲ್ಲೂ ಬೇರೆ. ಶಾಲೆ ಮೆಟ್ಟಿಲು ಹತ್ತದವಳಿಗೆ ಹುಟ್ಟಿದ ದಿನ ಯಾರು ಬರೆದಿಟ್ಟಿರ್ತಾರೆ? ಈಗ ಪಿಂಚಣಿಯೆಲ್ಲ 'ಸ್ಪರ್ಶ್' ಅನ್ನೋ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಗುರುತು ಕೊಡಬೇಕು. 2022ರ ಏಪ್ರಿಲ್‌ನಲ್ಲಿ ಈ ಗುರುತು ನವೀಕರಣ ಆಗಿಲ್ಲ ಅಂತ ದೇಶದಲ್ಲಿ 58 ಸಾವಿರಕ್ಕೂ ಹೆಚ್ಚು ಪಿಂಚಣಿದಾರರಿಗೆ ಆ ತಿಂಗಳ ಪಿಂಚಣಿ ತಡೆದಿದ್ದರು, ಗದ್ದಲ ಆದ ಮೇಲೆ ಬಿಟ್ಟರು. ಆಯಿಯ ಬೆರಳಿನ ರೇಖೆ ಕಬ್ಬು ಕಡಿದು ಕಡಿದು ಸವೆದಿದೆ. ಯಂತ್ರ ಹಿಡಿಯೋದಿಲ್ಲ. "ನಾ ಜೀವಂತ ಅದೀನಿ ಅಂತ ಈ ಡಬ್ಬಿಗೆ ಹೆಂಗ ಹೇಳ್ಲಿ ತಮ್ಮಾ?" ಅಂತ ಕೇಳ್ತಾಳೆ.

ಈಗ ಈ ಪೋಸ್ಟ್ ಬರೆಯೋಕೆ ಕಾರಣ ಆದ ವಿಷಯ. ನಮ್ಮ ಅಕ್ಕನ ಮಗ 18 ತುಂಬಿದ ಹುಡುಗ. ಬೆಳಗಿನ ಐದಕ್ಕೆ ಬೈಪಾಸಿನಲ್ಲಿ ಓಡ್ತಾನೆ. ನಿನ್ನೆ ಮೆರವಣಿಗೆ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತ. "ಮಾಮಾ, ನಾಲ್ಕ ವರ್ಷ ಮುಗಿಸಿ ಬಂದಮ್ಯಾಲ ನಾ ಮಾಜಿ ಸೈನಿಕ ಹೌದೋ ಅಲ್ಲೋ?"

ಅಲ್ಲ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಸೇವೆ. ಉಳಿಸಿಕೊಳ್ಳೋದು ಹೆಚ್ಚೆಂದರೆ ಶೇ. 25. ಹೊರಬಿದ್ದವರಿಗೆ ಪಿಂಚಣಿ ಇಲ್ಲ, ಗ್ರಾಚುಟಿ ಇಲ್ಲ, ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನವೂ ಇಲ್ಲ. ಸಿಗೋದು ಸುಮಾರು 11.71 ಲಕ್ಷದ ಸೇವಾ ನಿಧಿ. ಅದರಲ್ಲಿ 5.02 ಲಕ್ಷ ಅವನದೇ ಸಂಬಳದಿಂದ ತಿಂಗಳಿಗೆ ಶೇ. 30ರಂತೆ ಹಿಡಿದದ್ದು.

ಲೆಕ್ಕ ಹಾಕಿ. 7ನೇ ವೇತನ ಆಯೋಗದ ಪ್ರಕಾರ ಕನಿಷ್ಠ ಪಿಂಚಣಿ ತಿಂಗಳಿಗೆ 9,000. ವರ್ಷಕ್ಕೆ 1,08,000. ಮೂವತ್ತೈದಕ್ಕೆ ಮನೆಗೆ ಬಂದವನು ಎಪ್ಪತ್ತರವರೆಗೆ ಬದುಕಿದರೆ 37,80,000. ಇದು ತುಟ್ಟಿಭತ್ಯೆ ಬಿಟ್ಟು, ಅತಿ ಕಡಿಮೆ ಲೆಕ್ಕ. ಅವನ ನಂತರ ಹೆಂಡತಿಗೆ ಕುಟುಂಬ ಪಿಂಚಣಿ. ಎಂಟು ಎಕರೆ ಇರೋ ಮನೆಯ ಹುಡುಗನಿಗೆ ಈ ನಷ್ಟ ಒಂದು ಬೆಳೆ ಹೋದ ಹಾಗೆ. ನಮ್ಮ ಹುಡುಗನಿಗೆ ಹೊಲವೇ ಹೋದ ಹಾಗೆ. ಅರೆಸೇನಾ ಪಡೆಗಳಲ್ಲಿ ಮೀಸಲು ಕೊಡ್ತೇವೆ ಅಂತ ಘೋಷಣೆ ಆಗಿದೆ, ಆಗಲಿ. ಆದರೆ 2023ರ ಜನವರಿಯಲ್ಲಿ ತರಬೇತಿಗೆ ಹೋದ ಮೊದಲ ತಂಡಕ್ಕೂ ನಾಲ್ಕು ವರ್ಷ ಮುಗಿದ ಮೇಲೆ ಮನೆಯೇ ದಾರಿ. ಬೇಕಾದಾಗ ಕರೆಯೋದು, ಮುಗಿದ ಮೇಲೆ ಮನೆಗೆ ಕಳಿಸೋದು. 1921 ನೆನಪಾಯ್ತಾ?

ನಮ್ಮ ಗೆಳೆಯರೊಬ್ಬರು ಹೇಳಿದರು, "ಒಳ್ಳೇದೇ ಆಯ್ತು ಬಿಡಿ, ನಮ್ಮ ಹುಡುಗ್ರು ಫೌಜಿಗೆ ಹೋಗೋದೇ ಬೇಡ." ಹೇಳೋದು ಸುಲಭ. ಹೋಗಬೇಡ ಅಂದ ಮೇಲೆ ಏನು ಮಾಡು ಅಂತ ಹೇಳಬೇಕಲ್ಲ? ಕಬ್ಬಿನ ಗ್ಯಾಂಗಿಗೆ ಹೋಗು ಅಂತಲಾ? ಯುದ್ಧ ಬೇಡ ಅನ್ನೋ ನಮ್ಮ ನಿಲುವು ಸರಿ. ಆದರೆ ಆ ನಿಲುವಿನ ಬೆಲೆಯನ್ನು ಐದು ಗಂಟೆಗೆ ಓಡುವ ಹುಡುಗನೊಬ್ಬನೇ ಕಟ್ಟಬೇಕು ಅನ್ನೋದು ಸರಿಯಲ್ಲ.

ಅದಕ್ಕೇ ನನ್ನ ಒತ್ತಾಯಗಳು ಇವು. ನಿಮ್ಮ ಸಂಘಟನೆಯ ಪತ್ರದಲ್ಲೂ ಸೇರಿಸಿ.

ಒಂದು, ರಾಜ್ಯದಲ್ಲಿ ನೋಂದಾಯಿತ ಮಾಜಿ ಸೈನಿಕರು ಮತ್ತು ವಿಧವೆಯರ ಲೆಕ್ಕ ಜಿಲ್ಲಾವಾರು, ಜಾತಿವಾರು, ರ‍್ಯಾಂಕ್‌ವಾರು ಹೊರಬರಲಿ. 2027ರ ಜನಗಣತಿಯಲ್ಲಿ ಹೇಗೂ ಜಾತಿ ಕೇಳ್ತಾರೆ. ಸೈನ್ಯದ ಹೆಸರಲ್ಲಿ ಮಾತ್ರ ಮುಚ್ಚಿಡೋದು ಯಾಕೆ?

ಎರಡು, ಭೂ ಮಂಜೂರಾತಿಗೆ ಅರ್ಜಿ ಹಾಕಿದ ಭೂರಹಿತ ಮಾಜಿ ಸೈನಿಕರ ಪಟ್ಟಿ ತಾಲ್ಲೂಕುವಾರು ಪ್ರಕಟವಾಗಲಿ. ಪಿಂಚಣಿ ಇದೆ ಅಂತ ದಲಿತ ಸೈನಿಕನನ್ನು ಎರಡೂ ಕೋಟಾದಿಂದ ಹೊರಗಿಡೋದು ನಿಲ್ಲಲಿ.

ಮೂರು, ಮಾಜಿ ಸೈನಿಕರ ರೋಸ್ಟರ್ ಬಿಂದುಗಳು ಎಷ್ಟು ತುಂಬಿದವು, ಎಷ್ಟು 'ಸಿಗಲಿಲ್ಲ' ಅಂತ ಹೋದವು, ಪ್ರತಿ ನೇಮಕಾತಿ ಮುಗಿದ ಮೇಲೆ ವರ್ಗವಾರು ತಿಳಿಸಲಿ.

ನಾಲ್ಕು, ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರನ್ನು ಕೇಂದ್ರ ಏನಾದರೂ ಕರೆಯಲಿ, ನಮ್ಮ ರಾಜ್ಯ ಸರ್ಕಾರ ತನ್ನ ನೇಮಕಾತಿಯಲ್ಲಿ ಅವರಿಗೂ ಜಾಗ ಕೊಡಲಿ.

ಐದನೆಯದು ಸರ್ಕಾರಕ್ಕಲ್ಲ, ನಮಗೆ. ನಿಮ್ಮ ನಿಮ್ಮ ಕೇರಿಯಲ್ಲಿ ಒಂದು ನೋಟ್‌ಬುಕ್ ತಗೊಳ್ಳಿ. ಫೌಜಿನಿಂದ ಬಂದವರು ಯಾರು, ವಿಧವೆಯರು ಯಾರು, ಪಿಂಚಣಿ ಬರ್ತಿದೆಯಾ, ಹೆಸರು ತಿದ್ದುಪಡಿ ಬೇಕಾ, ಭೂಮಿ ಅರ್ಜಿ ಎಲ್ಲಿ ನಿಂತಿದೆ, ಬರೆದುಕೊಳ್ಳಿ. ನಾನು ನಮ್ಮ ಕೇರಿಯಲ್ಲಿ ಇವತ್ತು ಶುರು ಮಾಡಿದೆ. ಏಳು ಮನೆ ಆಯ್ತು. ಆಯಿಯ ಹೆಸರು ತಿದ್ದುಪಡಿಗೆ ನಾಳೆ ಬೆಳಗ್ಗೆ ಅವಳನ್ನು ಕರ್ಕೊಂಡು ಜಿಲ್ಲಾ ಕೇಂದ್ರಕ್ಕೆ ಹೊರಟಿದ್ದೇನೆ.

ಅಳಿಯನಿಗೆ ಏನು ಹೇಳಿದೆ ಅಂತ ಕೇಳ್ತೀರಾ? ಓಡು ಅಂದೆ. ಆದರೆ ಸಂಜೆ ಎರಡು ತಾಸು ಪುಸ್ತಕ ಹಿಡಿ, ಪೊಲೀಸ್, ಎಫ್‌ಡಿಎ, ಎಸ್‌ಡಿಎ ಎಲ್ಲದಕ್ಕೂ ಅರ್ಜಿ ಹಾಕು, ಫೌಜು ಒಂದನ್ನೇ ನಂಬಬೇಡ ಅಂದೆ. ಪಕ್ಕದಲ್ಲಿ ಕೂತಿದ್ದ ಕಾಕಾ ಬೂಟು ಬಿಚ್ಚುತ್ತಾ ಒಂದೇ ಮಾತು ಹೇಳಿದ: "ನಾವು ದೇಶಕ್ಕ ಹದಿನೇಳು ವರ್ಷ ಕೊಟ್ವಿ. ಲೆಕ್ಕ ಕೊಡ್ರಿ ಅಂತ ಕೇಳಾಕ ಇಷ್ಟ ವರ್ಷ ಯಾಕ ಬೇಕಾತು ನಿಮಗ?"

ಈ ಪ್ರಶ್ನೆ ನನಗೂ, ನಿಮಗೂ.

ನಿಮ್ಮ ಕೇರಿಯ ಫೌಜಿಗಳ ಬಗ್ಗೆ ಕಾಮೆಂಟಿನಲ್ಲಿ ಬರೆಯಿರಿ. ಅವರ ಹೆಸರು, ನಂಬರ್ ಹಾಕಬೇಡಿ, ಪರಿಸ್ಥಿತಿ ಬರೆಯಿರಿ. ಎಲ್ಲ ಕೂಡಿಸಿ ಒಂದು ಮನವಿ ಮಾಡೋಣ.

ಜೈ ಭೀಮ್.